ಅಮ್ಮ ಮಲಗಿದ್ದಾಳೆ

ಬೆಳಗಿನ ಪಾಳಿ ಹೆಂಗಸರಿಗೆ ಒಳ್ಳೆಯದು ಎಂದು ಯಾರು ಕಂಡುಹಿಡಿದರೋ, ಅವರು ಖಂಡಿತ ಕತ್ತಲಾಗುತ್ತಲೇ ಗೊರಕೆ ಹೊಡೆಯುವವರ ಪೈಕಿ ಇರಬೇಕು. ನಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಮಕ್ಕಳಿರುವ ಹೆಂಗಸರಿಗೆ ಆರು ಗಂಟೆಯ ಪಾಳಿ ಕೊಡುತ್ತಾರೆ, ದೊಡ್ಡ ಉಪಕಾರ ಮಾಡಿದ ಹಾಗೆ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರಬಹುದಲ್ಲ! ನಿಜ, ನಿಂತಿರುತ್ತಿದ್ದೆ. ಆದರೆ ನನಗೆ ನಿದ್ದೆ ಹತ್ತುವುದೇ ನಡುರಾತ್ರಿ ದಾಟಿದ ಮೇಲೆ. ಬೇಗ ಮಲಗಿದರೆ ಆ ಮಗ್ಗುಲು ಈ ಮಗ್ಗುಲು ಹೊರಳುತ್ತೇನೆ, ದಿಂಬು ತಿರುವಿ ಹಾಕುತ್ತೇನೆ, ಎದ್ದು ನೀರು ಕುಡಿಯುತ್ತೇನೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಏಳುತ್ತೇನೆ. ಇನ್ನೇನು ರೆಪ್ಪೆ ಕೂಡಿತು ಅನ್ನುವಾಗ ಅಲಾರಂ ಬಡಿದುಕೊಳ್ಳುತ್ತದೆ.

ನನ್ನ ಕೆಲಸ ಬಟ್ಟೆ ಕತ್ತರಿಸುವುದು. ಪದರದ ಮೇಲೆ ಪದರ ಹಾಸಿದ ಬಟ್ಟೆಯ ಮೇಲೆ ಕಾಗದದ ಅಚ್ಚು ಇಟ್ಟು, ಅದರ ಗೆರೆಯಲ್ಲೇ ಕರೆಂಟಿನ ಕತ್ತಿ ಓಡಿಸಬೇಕು. ಎಡಗೈಗೆ ಉಕ್ಕಿನ ಹೆಣಿಗೆಯ ಗವಸು. ಒಂದು ಬೆಳಿಗ್ಗೆ ತೂಕಡಿಕೆಯಲ್ಲಿ ಗವಸು ಹಾಕುವುದನ್ನೇ ಮರೆತು ಹೆಬ್ಬೆರಳ ತುದಿ ಸವರಿಕೊಂಡೆ. ಪುಣ್ಯಕ್ಕೆ ಚರ್ಮಕ್ಕೇ ನಿಂತಿತು. ಮನೆಯಲ್ಲಿ ಅಮ್ಮ ಪಟ್ಟಿ ಕಟ್ಟುವಾಗ ಮಗಳು ಪುಟ್ಟಿ ಪಕ್ಕದಲ್ಲಿ ನಿಂತು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಅದು ಮಾಯುವ ಮೊದಲೇ ತೋಳುಗಳ ಪ್ರಸಂಗ ಬಂತು. ಅಂಗಿಯ ತೋಳಿಗೆ ಅಚ್ಚು ಒಂದೇ. ಎಡತೋಳು ಕತ್ತರಿಸಿದ ಮೇಲೆ ಅದನ್ನು ಮಗುಚಿ ಇಟ್ಟು ಬಲತೋಳು ಕತ್ತರಿಸಬೇಕು. ನಾನು ಮಗುಚಲಿಲ್ಲ. ಕಣ್ಣು ತೆರೆದೇ ಇತ್ತು, ಕೈ ಗೆರೆ ತಪ್ಪಲಿಲ್ಲ, ಮನಸ್ಸು ಮಾತ್ರ ಹಾಸಿಗೆಯಲ್ಲೇ ಉಳಿದಿತ್ತು. ಕತ್ತರಿಸಿದ್ದಷ್ಟೂ ಎಡತೋಳು.

ಸೂಪರ್‌ವೈಸರ್ ಅಟ್ಟಿಯಿಂದ ಎರಡನ್ನು ತೆಗೆದು ತಮ್ಮ ಹೆಗಲಿಗೆ ಹಿಡಿದು ನೋಡಿದರು. "ಈ ಅಂಗಿ ಹಾಕ್ಕೊಳ್ಳೋರಿಗೆಲ್ಲ ಎರಡೂ ಎಡಗೈನಾ?" ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋದು ನನ್ ಕೈಲಾಗಲ್ಲಮ್ಮ. ರಾತ್ರಿ ಹೊತ್ತು ಮೊಬೈಲ್ ನೋಡೋದು ಬಿಟ್ಬಿಡಿ."

ಮೈಯೆಲ್ಲ ಉರಿದುಹೋಯಿತು. ನನ್ನ ಮೊಬೈಲಿನಲ್ಲಿ ಟಾರ್ಚ್ ಬಿಟ್ಟರೆ ನೋಡುವಂಥದ್ದು ಏನೂ ಇಲ್ಲ. ಆದರೆ ಮನೆಯಲ್ಲಿ ಅಮ್ಮ, ನಾನು, ಪುಟ್ಟಿ ಮೂವರೇ, ದುಡಿಯುವವಳು ನಾನೊಬ್ಬಳೇ. ಎಡತೋಳುಗಳನ್ನೆಲ್ಲ ಎತ್ತಿ ಬದಿಗಿಟ್ಟು ಹೊಸ ಬಟ್ಟೆ ಹಾಸಿದೆ.

ಅಪ್ಪನದೂ ಇದೇ ಕಣ್ಣು. ಅವನು ಗೋದಾಮೊಂದರ ರಾತ್ರಿ ಕಾವಲುಗಾರನಾಗಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಮನುಷ್ಯ ಎಂದು ಸಾಯುವವರೆಗೂ ಎಲ್ಲರೂ ಹೊಗಳಿದರು. ಅವನಲ್ಲಿ ನಿಯತ್ತು ಅನಿಸಿಕೊಂಡದ್ದು ನನ್ನ ಪಾಲಿಗೆ ಸೋಮಾರಿತನವಾಯಿತು. ಬೆಳಿಗ್ಗೆ ಅವನು ಮಲಗಿದ್ದಾಗ ಅಮ್ಮ ತುಟಿಗೆ ಬೆರಳಿಟ್ಟು, "ಶ್, ಅಪ್ಪ ಮಲಗಿದಾರೆ" ಅನ್ನುತ್ತಿದ್ದಳು. ನಾನು ಶೂ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ಕೂತು ಹಾಕಿಕೊಂಡು ಶಾಲೆಗೆ ಓಡುತ್ತಿದ್ದೆ. ಆದರೂ ಸಂಜೆ ಅಪ್ಪನಿಗೆ ಎಲ್ಲ ಗೊತ್ತಿರುತ್ತಿತ್ತು. "ಇವತ್ತು ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಅಂತೆ?"

"ನಿಂಗ್ಯಾರು ಹೇಳಿದ್ದು?"

"ನಿಮ್ಮಮ್ಮ."

ಅಮ್ಮನ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಎಂದು ನಾನು ಅವಳ ಮೇಲೆ ಮುನಿಸಿಕೊಳ್ಳುತ್ತಿದ್ದೆ.

ತೋಳುಗಳ ಸುದ್ದಿ ಕೋಳಿ ಮಾಮನಿಗೂ ಮುಟ್ಟಿತು. ನನ್ನ ಮೇಜಿನಲ್ಲೇ ಸಂಜೆ ಪಾಳಿ ಮಾಡುವ ಹಿರಿಯರು. ಬೆಳಕು ಹರಿಯುವ ಮೊದಲೇ ಏಳುವುದರಿಂದ ಎಲ್ಲರ ಬಾಯಲ್ಲೂ ಅವರು ಕೋಳಿ. ಕತ್ತಿ ಕೈ ಬದಲಾಗುವ ಹೊತ್ತಿನಲ್ಲಿ ಅವರು ಮೆಲ್ಲಗೆ ಹೇಳಿದರು. "ನಾನು ರಾತ್ರಿ ಎಂಟಾದ್ರೆ ನಿಂತಲ್ಲೇ ತೂಗ್ತೀನಿ ತಾಯಿ. ನೀನು ಬೆಳಿಗ್ಗೆ ತೂಗ್ತೀಯ. ಪಾಳಿ ಅದಲುಬದಲು ಮಾಡ್ಕೊಂಡ್ಬಿಟ್ರೆ ಇಬ್ಬರ ಬೆರಳೂ ಉಳಿಯುತ್ತೆ."

"ನಮ್ಮ ಪುಟ್ಟಿ ಇದಾಳಲ್ಲ ಮಾಮ."

"ನೋಡ್ಕೊಳ್ಳೋಕೆ ಅಮ್ಮ ಇದಾರಲ್ಲ?"

"ಅಮ್ಮ ಇರ್ತಾರೆ. ನಾನಿರಲ್ಲ."

ಸಂಜೆ ಪಾಳಿ ಎಂದರೆ ಎರಡರಿಂದ ಹತ್ತು. ನಾನು ಬರುವಾಗ ಅವಳು ಮಲಗಿರುತ್ತಾಳೆ, ಅವಳು ಹೋಗುವಾಗ ನಾನು. ಅತ್ತ ದರಿ, ಇತ್ತ ಪುಲಿ. ಎರಡು ದಿನ ಪಾತ್ರೆಗಳನ್ನೆಲ್ಲ ಕುಕ್ಕಿದೆ. ಕೊನೆಗೆ ಅಮ್ಮನೇ ಅಂದಳು, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ. ನಿಮ್ಮಪ್ಪನ ಜೊತೆ ಬಾಳಿದೋಳು ನಾನು, ನಂಗೊತ್ತು. ಮೊದಲು ಕೈ ಉಳಿಸ್ಕೊ. ಭಾನುವಾರ ಅಂತೂ ಮಗು ಸಿಗುತ್ತಲ್ಲ."

ಕೋಳಿ ಮಾಮ, ನಾನು ಇಬ್ಬರೂ ಹೋಗಿ ಕೇಳಿದಾಗ ಸೂಪರ್‌ವೈಸರ್, ಎರಡು ತಲೆನೋವು ಒಂದೇ ಮಾತ್ರೆಗೆ ಹೋಯಿತು ಎಂದು ಒಪ್ಪಿಬಿಟ್ಟರು.

ದೀಪ ಹತ್ತಿದ ಮೇಲೆ ನಾನು ಬೇರೆಯೇ ಹೆಂಗಸು. ಕತ್ತಿ ಗೆರೆಯ ಮೇಲೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿತ್ತು. ಅಚ್ಚು ಮಗುಚುವುದನ್ನು ಒಮ್ಮೆಯೂ ಮರೆಯಲಿಲ್ಲ. ನನಗೇ ನನ್ನ ಮೇಲೆ ಹೆಮ್ಮೆಯಾಯಿತು. ಆದರೆ ಮನೆಗೆ ಬಂದು ಮಲಗಿದ ಪುಟ್ಟಿಯನ್ನು ನೋಡುತ್ತಾ ನಿಂತರೆ ಕೂರಲೂ ಆಗದು, ನಿಲ್ಲಲೂ ಆಗದು. ಇವತ್ತು ಏನು ಮಾಡಿದಳು, ಯಾರ ಜೊತೆ ಜಗಳವಾಡಿದಳು, ಒಂದೂ ಗೊತ್ತಿಲ್ಲ.

ಮೂರನೆಯ ಬೆಳಿಗ್ಗೆ ನನಗೆ ಎಚ್ಚರವಾಯಿತು. ಎಬ್ಬಿಸಿದ್ದು ಸದ್ದಲ್ಲ, ಯಾರೋ ಸದ್ದಾಗದಂತೆ ಓಡಾಡುತ್ತಿದ್ದ ರೀತಿ. ಕಣ್ಣು ಬಿಟ್ಟೆ. ಪುಟ್ಟಿ ಚೀಲವನ್ನು ಎದೆಗೆ ಅವುಚಿಕೊಂಡು, ಶೂ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಬಾಗಿಲಿನತ್ತ ಹೋಗುತ್ತಿದ್ದಳು. ಎದ್ದು ಕೂತು, "ಪುಟ್ಟಿ, ಶೂ ಹಾಕ್ಕೊಂಡೇ ಓಡಾಡು. ಸದ್ದಾದ್ರೆ ಆಗ್ಲಿ" ಎಂದೆ.

ಅವಳ ಮುಖ ಅಳುವಂತಾಯಿತು. "ಎಬ್ಬಿಸ್ಬಿಟ್ನಾ? ಮಲ್ಕೊ ಅಮ್ಮ. ನಿದ್ದೆ ಸಾಲದಿದ್ರೆ ಬೆರಳು ಹೋಗುತ್ತೆ." ಹತ್ತಿರ ಬಂದು ಹೊದಿಕೆ ಎಳೆದು ಕತ್ತಿನವರೆಗೆ ಹೊದಿಸಿದಳು. ಹೆಬ್ಬೆರಳ ಗಾಯದ ಕಲೆಯನ್ನೊಮ್ಮೆ ಮುಟ್ಟಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಹೋಗದೆ ಅಲ್ಲೇ ನಿಂತಿದ್ದಳು. ನಾನು ನಿದ್ದೆ ಹೋದವರ ಹಾಗೆ ಉಸಿರು ಬಿಟ್ಟ ಮೇಲೆಯೇ ಬಾಗಿಲು ಮೆಲ್ಲಗೆ ಹಾಕಿಕೊಂಡಿತು.

ಅಲ್ಲಿಂದೀಚೆಗೆ ದಿನಾ ಆ ಹೊತ್ತಿಗೆ ಎಚ್ಚರವಾಗುತ್ತದೆ. ಏಳುವುದಿಲ್ಲ. ರೆಪ್ಪೆಯ ಸಂದಿಯಿಂದ ಅವಳನ್ನು ನೋಡುತ್ತೇನೆ. ಅವಳು ಹೋದ ಮೇಲೆ ಕೆಲವು ದಿನ ಮತ್ತೆ ನಿದ್ದೆ ಬರುತ್ತದೆ, ಕೆಲವು ದಿನ ಬರುವುದಿಲ್ಲ.

ಭಾನುವಾರ ಅವಳ ತಲೆ ಬಾಚುತ್ತಾ ಕೇಳಿದೆ, "ಗುರುವಾರ ಒಂದೇ ಜಡೆಗೆ ರಿಬ್ಬನ್ ಕಟ್ಕೊಂಡು ಹೋಗಿದ್ಯಂತೆ?"

ಪುಟ್ಟಿ ಥಟ್ಟನೆ ತಿರುಗಿದಳು. "ನಿಂಗ್ಯಾರು ಹೇಳಿದ್ದು?"

"ಅಜ್ಜಿ."

ಪುಟ್ಟಿ ಹುಬ್ಬು ಗಂಟಿಕ್ಕಿ ಅಡುಗೆಮನೆಯತ್ತ ನೋಡಿದಳು. ಅಮ್ಮ ನನಗೆ ಅಂಥದ್ದೇನೂ ಹೇಳಿರಲಿಲ್ಲ. ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಮುಖ ನೋಡಿದಳು.

"ಹೂಂ ಕಣೇ, ನಾನೇ ಹೇಳಿದ್ದು" ಎಂದಳು ಮೊಮ್ಮಗಳಿಗೆ. ಆಮೇಲೆ ನನ್ನತ್ತ ತಿರುಗಿ, "ನಿಮ್ಮಪ್ಪನ ಕಾಲದಿಂದಲೂ ಈ ಚಾಡಿಕೋರಿ ಹೆಸರು ನಂಗೇ" ಎಂದಳು.

ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ಹಾಗಾದರೆ ಅಷ್ಟು ವರ್ಷ ಅಪ್ಪನೂ ಎಚ್ಚರವಾಗಿಯೇ ಇದ್ದ. ಪುಟ್ಟಿ ತಲೆ ಒದರಿ, "ಬೇಗ ಬಾಚಮ್ಮ" ಎಂದಳು.