ಮಳವಳ್ಳಿಯಲ್ಲಿ ಹದಿನಾಲ್ಕು ಡಿಗ್ರಿ

ಪಾರ್ಥಸಾರಥಿ ಮೇಷ್ಟ್ರು ಮೂವತ್ತೊಂದು ವರ್ಷ ಮಂಡ್ಯದಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ವಾಟ್ಸಾಪಿನಲ್ಲಿ ‘ನಮ್ಮ ಹವೆ’ ಅಂತ ಒಂದು ಗುಂಪು ಕಟ್ಟಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಆವತ್ತು ಎಷ್ಟು ಡಿಗ್ರಿ ಬಿಸಿಲು, ಮೋಡ ಇದೆಯೋ ಇಲ್ಲವೋ ಎಂದು ಕನ್ನಡದಲ್ಲಿ ಬರೆದು ಹಾಕುವರು. ಒಂಬೈನೂರು ಜನ ಸದಸ್ಯರಿದ್ದರು. ಆರು ವರ್ಷದಲ್ಲಿ ‘ತಿದ್ದುಪಡಿ’ ಅನ್ನುವ ಪದ ಆ ಗುಂಪಿನಲ್ಲಿ ಒಂದು ಸಲವೂ ಬಿದ್ದಿರಲಿಲ್ಲ. ಮೇಷ್ಟ್ರಿಗೆ ಅದೊಂದು ದೊಡ್ಡ ಹೆಮ್ಮೆ.

ಈ ಏಪ್ರಿಲ್ಲಿನಲ್ಲಿ ಬೆಳಿಗ್ಗೆ ಎಂಟಕ್ಕೇ ನಲ್ಲಿಯಲ್ಲಿ ಕಾಯಿಸಿದಂಥ ನೀರು ಬರುತ್ತಿತ್ತು. ಒಂದು ಬುಧವಾರ ಮೇಷ್ಟ್ರು ಅರೆನಿದ್ದೆಯಲ್ಲೇ ಬರೆದರು: ಮಂಡ್ಯ 40, ಮದ್ದೂರು 40, ಮಳವಳ್ಳಿ 14. ಬರೆದು ಫೋನನ್ನು ಚಾರ್ಜಿಗಿಟ್ಟು ಸ್ನಾನಕ್ಕೆ ಹೋದರು.

ಒಂಬತ್ತೂವರೆಗೆ ಮಳವಳ್ಳಿಯಿಂದ ಹೆಂಡತಿಯ ತಂಗಿ ಅರುಂಧತಿ ಫೋನು ಮಾಡಿದಳು.

“ಭಾವ, ಇಲ್ಲಿ ಬಸ್‌ ಸ್ಟ್ಯಾಂಡಲ್ಲಿ ಕಾಲಿಡೋಕೆ ಜಾಗ ಇಲ್ಲ. ಮದ್ದೂರಿಂದ, ಮಂಡ್ಯದಿಂದ ಜನ ಸ್ವೆಟರ್ ಹಾಕ್ಕೊಂಡು ಬಂದು ಇಳೀತಿದಾರೆ. ಇಲ್ಲಿ ತಣ್ಣಗಿದೆಯಂತೆ. ನೀವೇ ಹೇಳಿದ್ರಂತೆ.”

ಮೇಷ್ಟ್ರು ಗುಂಪು ತೆರೆದು ನೋಡಿ ಕುರ್ಚಿಯ ಮೇಲೆ ಕೂತರು. ಹೆಂಡತಿ ಪಂಕಜಮ್ಮ ವಿಷಯ ಕೇಳಿ, “ತಪ್ಪಾಯ್ತು ಅಂತ ಒಂದು ಸಾಲು ಹಾಕಿಬಿಡಿ, ಮುಗೀತು” ಎಂದರು.

“ಒಂಬೈನೂರು ಜನದ ಮುಂದೆಯಾ?” ಎಂದರು ಮೇಷ್ಟ್ರು. “ಬೇಡ. ಬಸ್‌ ಸ್ಟ್ಯಾಂಡಲ್ಲಿ ಇರೋ ನಾಲ್ಕು ಜನಕ್ಕೆ ನಾನೇ ಬಾಯಲ್ಲಿ ಹೇಳಿ ಬರ್ತೀನಿ.” ಪಾಠ ಮಾಡುವ ಕಾಲದ ಥರ್ಮಾಮೀಟರೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕಿದವರು ದೇವಿರಮ್ಮ. ಮಂಡ್ಯದ ಹತ್ತಿರದ ಹಳ್ಳಿಯವರು. ಕಿಟಕಿ ಪಕ್ಕ ಅವರ ಗಂಡ ದೊಡ್ಡಸಿದ್ದಯ್ಯ. ಎಪ್ಪತ್ತು ದಾಟಿದವರು. ತಲೆಗೆ ಮಂಕಿ ಕ್ಯಾಪು, ಮೈಗೆ ಸ್ವೆಟರು, ಅದರ ಮೇಲೆ ಕಂಬಳಿ.

“ಮಳವಳ್ಳಿಗಾ ಸ್ವಾಮಿ? ಬರೀ ಸರ್ಟಲ್ಲಿ ಓಯ್ತಾ ಇದೀರಲ್ಲ” ಎಂದರು ದೇವಿರಮ್ಮ.

“ಅಲ್ಲಿ ತಣ್ಣಗಿಲ್ಲಮ್ಮ. ನಲವತ್ತೊಂದು ಡಿಗ್ರಿ ಇದೆ. ಬರೆದವರು ತಪ್ಪು ಬರೆದಿದ್ದಾರೆ.”

“ಯಾರು, ಪಾರ್ಥಸಾರಥಿ ಮೇಷ್ಟ್ರಾ? ಅವ್ರು ತಪ್ಪು ಬರಿಯಾಕಿಲ್ಲ ಬುಡಿ. ನನ್ ಮಗಳು ಆ ಗುಂಪಿಗೆ ಸೇರಿಸಿದಾಗಿಂದ ನೋಡ್ತಾ ಇವ್ನಿ.”

“ನಾನೇ ಅಮ್ಮ ಪಾರ್ಥಸಾರಥಿ.”

ದೇವಿರಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. “ಇರಾಕಿಲ್ಲ. ಅಂಥೋರು ಇಂಗೆ ಬಸ್ಸಲ್ಲಿ ಬೆವರ್ತಾ ಓಡಾಡ್ತಾರಾ?”

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಒಳಗೊಳಗೇ ಹಿತವಾಯಿತು. ತಾನು ತಪ್ಪು ಬರೆಯುವವನಲ್ಲ ಎಂದು ಇಷ್ಟು ಖಡಾಖಂಡಿತವಾಗಿ ಯಾರೂ ಇದುವರೆಗೆ ಹೇಳಿರಲಿಲ್ಲ. ಮುಂದಕ್ಕೆ ವಾದ ಬೆಳೆಸದೆ ಕೂತರು.

ಮಳವಳ್ಳಿಯಲ್ಲಿ ಇಳಿದರೆ ನೆಲದ ಕಾವು ಚಪ್ಪಲಿ ದಾಟಿ ಪಾದಕ್ಕೆ ಹತ್ತುತ್ತಿತ್ತು. ಜನ ಮಾತ್ರ ಶಾಲು ಹೊದ್ದು, ಕೈ ಕೈ ಉಜ್ಜಿಕೊಳ್ಳುತ್ತ ಓಡಾಡುತ್ತಿದ್ದರು. ಕಬ್ಬಿನ ಹಾಲು ಮಾರುವ ಬೋರಯ್ಯ ಗಾಣಕ್ಕೆ ಟಾರ್ಪಾಲು ಮುಚ್ಚಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ. ಅವನ ಹಣೆಯ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ಚಳೀಲಿ ಕಬ್ಬಿನಾಲು ಯಾರು ಕುಡೀತಾರೆ ಸ್ವಾಮಿ?” ಎಂದ.

“ಮತ್ತೆ ಈ ಬೆವರು?”

“ಇದು ಬಾಣ್ಲಿ ಕಾವು.”

ಮೇಷ್ಟ್ರು ಥರ್ಮಾಮೀಟರು ತೆಗೆದು ನೆರಳಲ್ಲಿ ಹಿಡಿದರು. “ನೋಡಿ, ನಲವತ್ತೊಂದು. ಹದಿನಾಲ್ಕು ಅಂತ ಬರೆದದ್ದು ತಪ್ಪು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಲ್ಲೇ ಕತ್ತಿಗೆ ಮಫ್ಲರು ಸುತ್ತಿಕೊಂಡು ನಿಂತಿದ್ದ ಶಶಿಧರ್ ಎಂಬ ಊರಿನ ಗುಮಾಸ್ತ ಬಗ್ಗಿ ನೋಡಿದ.

“ಇದನ್ನ ಎಲ್ಲಿಂದ ತಂದ್ರಿ?”

“ಮಂಡ್ಯದಿಂದ.”

“ಮತ್ತೆ ಮಂಡ್ಯದ ಬಿಸಿಲನ್ನೇ ತೋರಿಸ್ತದೆ” ಎಂದ ಶಶಿಧರ್. “ನಮ್ಮೂರಿಗೆ ಒಂದು ಒಳ್ಳೇದಾದ್ರೆ ನಿಮ್ಮ ಕಡೆಯವರಿಗೆ ಆಗಲ್ಲ ಅಲ್ವಾ.”

ಸುತ್ತ ನಿಂತವರು ತಲೆಯಾಡಿಸಿದರು. ಹೇಳುವುದನ್ನು ಹೇಳಿಯಾಯಿತು, ಇನ್ನು ವಾಪಸು ಹೊರಡುವುದೇ ಸರಿ ಎಂದು ಮೇಷ್ಟ್ರು ತಿರುಗಿದರು. ಹಿಂದೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ದೊಡ್ಡಸಿದ್ದಯ್ಯ ಕಂಬಳಿಯ ಸಮೇತ ಕಲ್ಲುಬೆಂಚಿನಿಂದ ಕೆಳಗುರುಳಿದ್ದರು. ಕೈಕಾಲು ಅದುರುತ್ತಿದ್ದವು.

“ಚಳಿ ತಡಕಳಾಕೆ ಆಗ್ನಿಲ್ಲ ಕಣ್ಲಾ, ನಡುಗ್ತಾವ್ನೆ” ಎಂದು ಯಾರೋ ತಮ್ಮ ಶಾಲನ್ನೂ ಅವರ ಮೇಲೆ ಹೊದಿಸಿದರು. ಇನ್ನೊಬ್ಬರು ಬಿಸಿ ಟೀ ತರಲು ಓಡಿದರು.

ಮೇಷ್ಟ್ರು ನುಗ್ಗಿ ಕಂಬಳಿ ಎಳೆದು ಬಿಸಾಕಿದರು. ಮಂಕಿ ಕ್ಯಾಪು ಕಿತ್ತು, ಬಾಟಲಿಯಲ್ಲಿದ್ದ ನೀರನ್ನೆಲ್ಲ ಮುದುಕರ ನೆತ್ತಿಗೆ ಸುರಿದರು.

“ಈ ಚಳೀಲಿ ನೀರು ಉಯ್ತಾವ್ನಲ್ಲ, ಇಡ್ಕಳ್ರಲಾ ಅವನ್ನ” ಎಂದು ನಾಲ್ಕು ಜನ ಮೇಷ್ಟ್ರ ತೋಳು ಹಿಡಿದರು. ದೇವಿರಮ್ಮ ಅಳುತ್ತಲೇ ಗಂಡನಿಗೆ ಮತ್ತೆ ಕಂಬಳಿ ಹೊದಿಸತೊಡಗಿದರು.

ತನ್ನ ಮಾತನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಕೇಳುವುದಿದ್ದರೆ ತಾನು ಬರೆದದ್ದನ್ನು ಮಾತ್ರ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಕೊಸರಿಕೊಂಡು ಒಂದು ಕೈ ಬಿಡಿಸಿಕೊಂಡರು. ಜೇಬಿನಿಂದ ಫೋನು ತೆಗೆದರು. ಒಂದೊಂದೇ ಅಕ್ಷರ ನೋಡಿ ನೋಡಿ ಬರೆದು ಕಳಿಸಿದರು.

ಬಸ್‌ ಸ್ಟ್ಯಾಂಡಿನ ತುಂಬ ಜೇಬುಗಳು, ಚೀಲಗಳು ಒಟ್ಟಿಗೆ ಸದ್ದು ಮಾಡಿದವು. ಶಶಿಧರ್ ತನ್ನ ಫೋನು ತೆಗೆದು ಗಟ್ಟಿಯಾಗಿ ಓದಿದ: “ತಿದ್ದುಪಡಿ. ಮಳವಳ್ಳಿ 14 ಅಲ್ಲ, 41. ತಪ್ಪು ನನ್ನದು. ಸ್ವೆಟರ್ ಕಳಚಿ, ನೆರಳಿಗೆ ಹೋಗಿ, ನೀರು ಕುಡಿಯಿರಿ. ಪಾರ್ಥಸಾರಥಿ.”

ಓದಿ ಮುಗಿಸಿ ಶಶಿಧರ್ ಮಫ್ಲರು ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡ. “ಏನ್ ಸೆಕೆ ಇದು, ಸಾಯಿಸಿಬಿಡ್ತದೆ” ಎಂದ. ಸ್ವೆಟರುಗಳು, ಟೋಪಿಗಳು ದಬದಬ ಕೆಳಗೆ ಬಿದ್ದವು. ಬೋರಯ್ಯ ಒಲೆ ಆರಿಸಿ ಗಾಣದ ಟಾರ್ಪಾಲು ಎಳೆದ. ಮೇಷ್ಟ್ರನ್ನು ಹಿಡಿದಿದ್ದವರೇ ದೊಡ್ಡಸಿದ್ದಯ್ಯನವರನ್ನು ಎತ್ತಿ ಆಟೋಗೆ ಹಾಕಿದರು.

ಆಸ್ಪತ್ರೆಯಲ್ಲಿ ಎರಡು ಬಾಟಲಿ ಗ್ಲೂಕೋಸು ಏರಿಸಿದ ಮೇಲೆ ದೊಡ್ಡಸಿದ್ದಯ್ಯ ಕಣ್ಣು ಬಿಟ್ಟು, ಕಂಬಳಿ ಎಲ್ಲಿ ಎಂದು ಕೇಳಿದರು. ಅಪಾಯವಿಲ್ಲ ಎಂದರು ಡಾಕ್ಟರು. ಮೇಷ್ಟ್ರು ಅಲ್ಲಿಯವರೆಗೂ ಜಗಲಿಯ ಮೇಲೆ ಕೂತೇ ಇದ್ದರು. ದೇವಿರಮ್ಮ ಬಂದು ಪಕ್ಕದಲ್ಲಿ ಕೂತರು.

“ದಿಟವಾಗ್ಲೂ ನೀವೇ ಅವ್ರಾ?”

“ಹೌದಮ್ಮ. ಬೆಳಿಗ್ಗೆ ಮನೇಲಿ ಕೂತೇ ಈ ಸಾಲು ಬರೀಬಹುದಿತ್ತು. ಮಾನ ಹೋಗ್ತದೆ ಅಂತ ಬರೀಲಿಲ್ಲ.”

ದೇವಿರಮ್ಮ ಬಯ್ಯಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಂಡರು. “ಬಸ್ಸಿಳಿದಾಗ ನಂಗೆ ದಿಟವಾಗ್ಲೂ ಚಳಿ ಆಯ್ತು ಸ್ವಾಮಿ. ಕೈ ಮೇಲಿನ ಕೂದ್ಲೆಲ್ಲ ಎದ್ದು ನಿಂತ್ಕಂಡಿದ್ವು. ಅದೆಂಗೆ?”

ಮೇಷ್ಟ್ರು ಯೋಚಿಸಿದರು. “ಗೊತ್ತಿಲ್ಲಮ್ಮ” ಎಂದರು.

ವಾಪಸು ಬರುವ ಬಸ್ಸಿನಲ್ಲಿ ಗುಂಪು ತೆರೆದರು. ಇನ್ನೂರು ಜನ ಬಿಟ್ಟು ಹೋಗಿದ್ದರು. ಬಯ್ದವರು ಹೆಚ್ಚಿರಲಿಲ್ಲ. ಕೊನೆಯಲ್ಲಿ ಮದ್ದೂರಿನ ಶಿವರಾಜು ಎಂಬುವವರು ಬರೆದಿದ್ದರು: “ಸಾರ್, ನಮ್ಮೂರಿನ 40 ಕೂಡ ಒಂದ್ಸಲ ನೋಡಿ. ಅದೂ ತಿರುಗುಮುರುಗು ಆಗಿರಬೌದು.”

ಮೇಷ್ಟ್ರು ಇಲಾಖೆಯ ಮುನ್ಸೂಚನೆಯನ್ನು ಎರಡು ಸಲ ನೋಡಿದರು. ಆಮೇಲೆ ಬರೆದರು: “ಇಲ್ಲ. ನಲವತ್ತೇ. ನಾಳೆಯೂ ನಲವತ್ತೇ.”