ತಟ್ಟೆಯ ಬೆನ್ನಿನ ಹೆಸರು

ಕಿಟಕಿಯ ಗಾಜು ಟಕ್ ಟಕಟಕ್, ಟಕ್ ಟಕಟಕ್ — ಕುಮಟೆಯ ಸ್ಟ್ಯಾಂಡು ಬಿಟ್ಟಾಗಿನಿಂದ ಒಂದೇ ಸಮ, ಇದು ಆ ಹಾಡಿನ ಡ್ರಮ್ಮಿನ ಪೆಟ್ಟೇ ಅಲ್ಲವಾ, ಬಸ್ಸಿಗೆ ಯಾರು ಹೇಳಿಕೊಟ್ಟರು, ಗಣಪಿಗೆ ನಗು ಬರುತ್ತದೆ, ಹೆಬ್ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ತನ್ನಷ್ಟಕ್ಕೆ ತಾಳ ಹಾಕುತ್ತಿದೆ, ಪಕ್ಕದಲ್ಲಿ ಕೂತ ಅತ್ತೆ ತಿಮ್ಮಿ ಎಲೆಅಡಿಕೆಯ ಕವಳ ಜಗಿಯುವುದನ್ನು ನಿಲ್ಲಿಸಿ ಆ ಬೆರಳನ್ನೇ ನೋಡಿದಳು, ಎಂತದೇ ಅದು, ಎಂತದೂ ಅಲ್ಲ ಅತ್ತೆ, ಬೆರಳು ನಿಂತಿತು, ಹಳದೀಪುರ ದಾಟುವಷ್ಟರಲ್ಲಿ ಮತ್ತೆ ಶುರು. ಇವತ್ತು ಸಂಜೆ ಐದಕ್ಕೆ ಭಟ್ಕಳದ ಬಂದರಿನ ಬಯಲಲ್ಲಿ, ಹಲಗೆ ಕಟ್ಟಿದ ಸ್ಟೇಜಿನ ಮೇಲೆ, ಅಘನಾಶಿನಿಯಲ್ಲಿ ಬೆಳಚು ಚಿಪ್ಪಿ ಹೆಕ್ಕುವ ಗಣಪಿ ಮೈಕಿನ ಮುಂದೆ ನಿಲ್ಲಬೇಕು, ಹಿಂದೆ ಬೊಂಬಾಯಿಯ ದಾಸನ ಕರೆಂಟು ಗಿಟಾರು, ಅವನ ಲಂಗರು ಅನ್ನುವ ಹಾಡಿನ ಪಾರ್ಟಿಯ ನಾಲ್ಕೂ ಹುಡುಗರು, ನಾಕು ಸಾವಿರ ಜನ ಬತ್ರು ಗಣಪಕ್ಕ ಎಂದು ಬರೆದಿದ್ದಾನೆ, ನಾಲ್ಕು ಸಾವಿರ ಅಂದರೆ ಎಷ್ಟು, ಒಂದು ಹೆಡಿಗೆ ಬೆಳಚಿನಲ್ಲಿ ಎಷ್ಟು ಬೆಳಚಿರುತ್ತದೆ, ಅಷ್ಟು ಬಾಯಿ, ಅಷ್ಟೂ ತೆರೆದುಕೊಂಡು — ಮತ್ತೆ ನಗು ಬರುತ್ತದೆ, ಹೆದರಿಕೆಯಲ್ಲ ಇದು, ಹೆದರಿಕೆ ಹೀಗೆ ನಗಿಸುವುದಿಲ್ಲ. ಅತ್ತೆ ಬಂದದ್ದು ಹಾಡು ಕೇಳಲಿಕ್ಕಲ್ಲ, ಕಾಯಲಿಕ್ಕೆ, ಅದೊಂದು ಹೆಸರು ಬಿಟ್ಟು ಎಂತ ಬೇಕಾರೂ ಕೂಗು ಎಂದು ಹೊರಡುವಾಗಲೇ ಹೇಳಿದ್ದಾಳೆ, ಅವಳ ಮಗ, ಗಣಪಿಯ ಗಂಡ, ಬೆಳಿಗ್ಗೆಯೇ ದೋಣಿ ತಳ್ಳಿಕೊಂಡು ಅಳಿವೆಯ ಕಡೆ ಹೋದ, ನೀವು ಬತ್ರಾ ಎಂದು ಕೇಳಿದರೆ ನೋಡ್ವ ಅಂದ, ಹುಟ್ಟಿಗೆ ಹಗ್ಗ ಸುತ್ತುತ್ತಿದ್ದ, ಮುಖ ಎತ್ತಲಿಲ್ಲ.

ಅದನ್ನು ಹಾಡು ಅಂತ ಕರೆದವನೇ ದಾಸ, ಅವಳಿಗೆ ಅದು ಕೂಗು ಅಷ್ಟೆ, ಹೊಳೆಯ ನೀರು ಇಳಿಯುವ ಹೊತ್ತಿಗೆ ಕೇರಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬೆಳಚಿಗೆ ಹೋಗಬೇಕು, ಒಬ್ಬೊಬ್ಬರ ಬಾಗಿಲು ಬಡಿಯುತ್ತ ಹೋದರೆ ನೀರು ಕಾಯುತ್ತದೆಯೇ, ಅದಕ್ಕೆ ತೆಂಗಿನ ಬುಡದಲ್ಲಿ ನಿಂತು ಒಂದೇ ಉಸಿರಿಗೆ, ಇಳಿತಾ ಇಳಿತಾ ಇಳಿತಾ ಬಂತೇ, ಏಳೇ ಮಂಜೀ, ಏಳೇ ಕಮಲೀ, ಕೊನೆಯ ಈಕಾರ ಹೊಳೆಯ ಆಚೆ ದಡಕ್ಕೆ ಹೋಗಿ ತಾಗಿ ತಿರುಗಿ ಬರಬೇಕು, ಬಂದರೆ ಎಲ್ಲರೂ ಎದ್ದರು ಎಂದೇ ಲೆಕ್ಕ. ಎಪ್ಪತ್ತೇಳರ ಚಳಿಯಲ್ಲಿ ದಾಸ ಕೇರಿಗೆ ಬಂದಿದ್ದ, ಹೊನ್ನಾವರದ ಮಾವಿನಕುರ್ವೆ ಅವನ ತಾಯಿಯ ಊರು, ಅಪ್ಪ ಬೊಂಬಾಯಿಯ ಹಡಗುಕಟ್ಟೆಯ ಗೋದಿಯಲ್ಲಿ ಕೆಲಸಕ್ಕಿದ್ದವ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಹೆಗಲ ಮೇಲೆ ಬೀಳುವ ಕೂದಲು, ಕೆಳಗೆ ಅಗಲವಾಗಿ ನೆಲ ಗುಡಿಸುವ ಪ್ಯಾಂಟು, ಕೈಯಲ್ಲಿ ಇಟ್ಟಿಗೆಯಷ್ಟಿನ ಟೇಪ್ ರೆಕಾರ್ಡರು, ಅಕ್ಕ ಇನ್ನೊಂದ್ ಸಲ ಕೂಗು, ಎಂತಕ್ಕೆ, ಸುಮ್ನೆ ಕೂಗು ಅಕ್ಕ, ಇನ್ನೊಂದು ಸಲ ಕೂಗಿದರೆ ಎದ್ದವರೆಲ್ಲ ಎಂತ ಹೇಳ್ತ್ರು ಮಾರಾಯ, ಆದರೂ ಕೂಗಿದಳು, ಅವನು ಗುಂಡಿ ಒತ್ತಿ ಅದನ್ನೇ ಅವಳಿಗೆ ಕೇಳಿಸಿದ, ಅಯ್ಯಬ್ಬ, ಇದು ತನ್ನ ದನಿಯಾ, ಇಷ್ಟು ಚೂಪಾ, ಆ ದಿನ ಬೆಳಚು ಹೆಕ್ಕುವಾಗ ಕೆಸರಿನಲ್ಲಿ ಕಾಲು ಎಲ್ಲಿ ಇಟ್ಟೆನೆಂದೇ ತಿಳಿಯಲಿಲ್ಲ. ಬೊಂಬಾಯಿಗೆ ಹೋಗಿ ಅವನು ಆ ಕೂಗಿಗೆ ಗಿಟಾರು ಕಟ್ಟಿದ, ಡ್ರಮ್ಮು ಕಟ್ಟಿದ, ರಾಕ್ ಹಾಡು ಅಂದ, ಹೆಂಗಸರ ಹೆಸರಿನ ಜಾಗದಲ್ಲಿ ಒಂದು ಗಂಡು ಹೆಸರು ಬೇಕು, ಏಳೋ ಅಂದರೆ ತಾಳಕ್ಕೆ ಕೂರುತ್ತದೆ ಅಂದ, ಮೊದಲು ಅಲ್ಲಿಯದೇ ಒಬ್ಬ ಹುಡುಗಿಯಿಂದ ಹಾಡಿಸಿದರು, ಚಂದದ ದನಿ, ಕಲಿತ ದನಿ, ಆದರೆ ಳ ತಿರುಗುವುದಿಲ್ಲ, ಇಲಿ ತಾ ಇಲಿ ತಾ ಅನ್ನುತ್ತಾಳೆ ಗಣಪಕ್ಕ, ಎಲ್ಲಿಂದ ಇಲಿ ತರೂದು ನಾನು, ನೀನೇ ಬರಬೇಕು ಎಂದು ದಾಸ ಬರೆದ ಕಾಗದವನ್ನು ಶಾಲೆಯ ಮಾಸ್ತರು ಓದಿ ಹೇಳಿದಾಗ ಗಂಡ ಜೋರಾಗಿ ನಕ್ಕಿದ್ದ, ಅಷ್ಟು ಜೋರಾಗಿ ಅವನು ನಗುವುದೇ ಅಪರೂಪ, ಆತು ಹೋಗ್ವ, ನಾನೂ ಬತ್ತೆ.

ಪಣಜಿಯಿಂದ ಸ್ಟೀಮರು — ಹುಟ್ಟಿದಾಗಿನಿಂದ ನೀರಿನಲ್ಲೇ ಇದ್ದವಳು ಆ ಸ್ಟೀಮರಿನಲ್ಲಿ ಕಾರಿದಳು, ಗಂಡ ಬೆನ್ನು ಉಜ್ಜುತ್ತಾ ಇದ್ದ, ಎಪ್ಪತ್ತೆಂಟರ ಫೆಬ್ರವರಿ, ಬೊಂಬಾಯಿಯ ಆ ಕೋಣೆಗೆ ಕಿಟಕಿಯಿಲ್ಲ, ಗೋಡೆಗೆಲ್ಲ ದಪ್ಪ ಬಟ್ಟೆ, ಕಾಲಡಿ ಜಮಖಾನೆ, ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತದೆ, ಗಾಜಿನ ಆಚೆ ಧ್ವನಿ ಹಿಡಿಯುವ ಕೈತಾನ್ ಮಾಮ, ಗೋವೆಯ ಮುದುಕ, ಅವನ ಕೊಂಕಣಿ ಅರ್ಥವಾಗುತ್ತಿತ್ತು, ಹೆದರಬೇಡ ಮಗಳೇ, ಹೊಳೆಯ ಹತ್ತಿರ ಇದ್ದೇನೆ ಅಂದುಕೋ. ಅಂದುಕೊಂಡರೆ ಬರುತ್ತದಾ, ಕಿವಿಗೆ ಕಟ್ಟಿದ ಬಟ್ಟಲುಗಳಲ್ಲಿ ಡ್ರಮ್ಮು ಬಡಿಯುತ್ತದೆ, ಗಿಟಾರು ಬಲೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಅವಳು ಬಾಯಿ ತೆರೆದರೆ ದನಿ ತುಟಿಯಿಂದ ಒಂದು ಗೇಣು ಹೋಗಿ ಬೀಳುತ್ತದೆ, ತಿರುಗಿ ಬರಲು ಆಚೆ ದಡವೇ ಇಲ್ಲ, ಏಳೋ ವೆಂಕಟಾ ಎನ್ನು ಎಂದು ಹೇಳಿಕೊಟ್ಟಿದ್ದರು, ಯಾವ ವೆಂಕಟ, ಎಲ್ಲಿ ಮಲಗಿದ್ದಾನೆ, ಆರು ಸಲ ಆಯಿತು, ಒಂಬತ್ತು ಸಲ ಆಯಿತು, ದಾಸನ ಮುಖ ಸಣ್ಣಗಾಯಿತು, ಊಟದ ಹೊತ್ತಿಗೆ ಕೋಣೆ ಬಿಡಬೇಕು ಅನ್ನುತ್ತಿದ್ದಾರೆ. ಆಗ ಮೂಲೆಯ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದ ಗಂಡ ಎದ್ದ, ಮಲಗ್ದೋರು ಯಾರೂ ಇಲ್ಲ ಇಲ್ಲಿ, ಯಾರ್ನ ಏಳ್ಸೂದು ಅವಳು, ಎಂದವನೇ ಜಮಖಾನೆಯ ನಡುವೆ ಉದ್ದಕ್ಕೆ ಮಲಗಿ ಹೆಗಲ ವಸ್ತ್ರವನ್ನು ಮುಖಕ್ಕೆ ಎಳೆದುಕೊಂಡ, ಹುಡುಗರು ನಗಲಿಕ್ಕೆ ಹೊರಟು ನಗಲಿಲ್ಲ, ಡ್ರಮ್ಮು ಶುರುವಾಯಿತು, ಗಣಪಿ ನೋಡಿದಳು, ವಸ್ತ್ರದ ಆಚೆ ಹೊರಬಿದ್ದ ಎರಡು ಕಾಲು, ಹಿಮ್ಮಡಿ ಬಿರಿದ ಕಾಲು, ದಿನಾ ನೋಡುವ ಕಾಲು, ಇಳಿತಾ ಇಳಿತಾ ಇಳಿತಾ ಬಂತೋ — ದನಿ ಹೊಟ್ಟೆಯ ತಳದಿಂದ ಕಿತ್ತುಕೊಂಡು ಬಂತು, ಗೋಡೆಯ ಬಟ್ಟೆ ಹರಿಯುವ ಹಾಗೆ ಬಂತು, ಏಳೋ — ಬಾಯಿ ತೆರೆದೇ ಇತ್ತು, ಹೆಸರು ತಾನೇ ನುಗ್ಗಿತು, ಏಳೋ ಮಾಸ್ತೀ. ಮತದ ಪಟ್ಟಿ ಬರೆಯಲು ಬಂದವನು ಗಂಡನ ಹೆಸರು ಕೇಳಿದರೆ ನೆರೆಮನೆಯವರ ಕಡೆ ಕೈ ತೋರಿಸಿದವಳು, ಮದುವೆಯಾಗಿ ಹದಿನಾಲ್ಕು ವರ್ಷ, ಬರ್ರಿ ಹೋಗ್ರಿ ಅಂದವಳು, ಏಳೋ ಅಂದಳು, ಮಾಸ್ತಿ ಅಂದಳು, ಕೈಯಿಂದ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಗಾಜಿನ ಆಚೆ ಕೈತಾನ್ ಮಾಮ ಎರಡೂ ಕೈ ಎತ್ತಿ ನಿಂತಿದ್ದ, ಸಿಕ್ಕಿತು, ಇದೇ, ಇನ್ನೊಂದು ಬೇಡ. ಗಂಡ ವಸ್ತ್ರ ತೆಗೆದು ಎದ್ದು ಕೂತ, ಕಿವಿಯ ತುದಿ ಕೆಂಪಾಗಿತ್ತು.

ಹೊನ್ನಾವರ, ಹೊನ್ನಾವರ, ಇಳಿಯೋರು ಇಳೀರಿ, ಕಂಡಕ್ಟರನ ದನಿಯೂ ಒಂದು ಕೂಗೇ, ಬಸ್ಸು ಶರಾವತಿಯ ಸೇತುವೆಗೆ ಬಂತು, ಕೆಳಗೆ ನೀರು ತಗಡಿನ ಹಾಗೆ ಹೊಳೆಯುತ್ತದೆ, ಮಾವಿನಕುರ್ವೆಯ ತೆಂಗುಗಳು, ಅಲ್ಲಿ ಎಲ್ಲೋ ದಾಸನ ಅಜ್ಜಿಮನೆ, ಆ ಮನೆಗೇ ಹಾಡಿನ ಮೊದಲ ರೆಕಾರ್ಡು ತಟ್ಟೆ ಬಂದದ್ದು, ಎಪ್ಪತ್ತೊಂಬತ್ತರ ಬೇಸಿಗೆ, ಅಂಗೈ ಅಗಲಿಸಿದಷ್ಟು ಸಣ್ಣ ಕಪ್ಪು ತಟ್ಟೆ, ಮುಖದ ಬದಿಗೆ ದಾಸನ ಪಾರ್ಟಿಯ ಇಂಗ್ಲಿಷ್ ಹಾಡು, ಬೆನ್ನಿನ ಬದಿಗೆ ಗಣಪಿ, ಕಂಪನಿಯವರಿಗೆ ಇಂಗ್ಲಿಷೇ ಹೋಗುತ್ತದೆ ಅಂತ ನಂಬಿಕೆ, ಬೆನ್ನ್ ಆದ್ರೆ ಬೆನ್ನು ಅಕ್ಕ, ತಟ್ಟೆಯಲ್ಲಿ ನೀ ಇದ್ದೆಯಲ್ಲ. ಐದು ನೂರು ತಟ್ಟೆ ಮಾಡಿದ್ದರಂತೆ, ಒಂದು ಅಘನಾಶಿನಿಗೂ ಬಂತು, ಮಾಸ್ತರರ ಮನೆಯ ಗ್ರಾಮಫೋನ್ ಪೆಟ್ಟಿಗೆಯಲ್ಲಿ ಹಾಕಿದಾಗ ಕೇರಿಗೆ ಕೇರಿಯೇ ಅಂಗಳದಲ್ಲಿ, ಇಳಿತಾ ಬಂತೋ ಅನ್ನುವಾಗ ಮಕ್ಕಳು ಕುಣಿದವು, ಆ ಹೆಸರು ಬಂತು, ಅಂಗಳ ತಣ್ಣಗಾಯಿತು, ಅತ್ತೆ ಎದ್ದು ಹೋದಳು, ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ, ಒಂದು ಸಲ ಹೇಳಿದ್ದಲ್ಲ ಇದು, ತಟ್ಟೆಗೆ ಮುಳ್ಳು ಇಟ್ಟಷ್ಟು ಸಲ ಹೇಳೂದು ಅಂದಳು ಹೋಗುತ್ತ. ಎರಡು ತಿಂಗಳು ಮೀನುಪೇಟೆಯ ಹುಡುಗರು ಗಂಡನನ್ನು ಕಂಡಲ್ಲೆಲ್ಲ ಏಳೋ ಎಂದು ರಾಗ ಎಳೆದರು, ಅವನು ಮೀಸೆಯಲ್ಲೇ ನಕ್ಕು ಹೋಗುತ್ತಿದ್ದ. ಸೆಪ್ಟೆಂಬರಿನಲ್ಲಿ ಅಳಿವೆಯ ತೆರೆಗೆ ಸಿಕ್ಕಿ ದೋಣಿ ಮಗುಚಿತು, ಅವನನ್ನು ಆಚೆ ದಡದವರು ಎಳೆದುಹಾಕಿದರು, ಹೊಟ್ಟೆಯಲ್ಲಿ ಉಪ್ಪುನೀರು, ಎಂಟು ದಿನ ಜ್ವರ, ಅತ್ತೆ ತಲೆಯ ಹತ್ತಿರ ಕೂತು ಸೊಸೆಯ ಮುಖ ನೋಡಲಿಲ್ಲ, ಗಣಪಿ ಕಾಲ ಹತ್ತಿರ ಕೂತು ಆ ಬಿರಿದ ಹಿಮ್ಮಡಿ ಹಿಡಿದುಕೊಂಡು, ನಾನೇ, ನಾನೇ, ಈ ಬಾಯೇ. ಅದೇ ವಾರ ದಾಸನ ಕಾಗದ, ಬೊಂಬಾಯಿಯ ಒಂದು ಚಾ ಹೋಟೆಲಿನಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಯಿದೆ, ಯಾರೋ ನಮ್ಮ ತಟ್ಟೆಯನ್ನು ಬೆನ್ನು ಮೇಲೆ ಮಾಡಿ ಇಟ್ಟಿದ್ದಾರೆ, ಕಾಲೇಜು ಹುಡುಗರು ಅದನ್ನೇ ಕೇಳುತ್ತಾರೆ, ಕಂಪನಿ ಎರಡನೇ ಸಲ ಅಚ್ಚು ಹಾಕುತ್ತದೆ, ಈ ಸಲ ನೀನು ಮುಖಕ್ಕೆ. ಗಣಪಿ ಮಾಸ್ತರರ ಕೈಯಿಂದ ಒಂದೇ ಸಾಲು ಬರೆಸಿದಳು, ಆ ಹೆಸರು ತೆಗೆ.

ತೆಗೆದರು, ಕೈತಾನ್ ಮಾಮ ಟೇಪು ಕತ್ತರಿಸಿ ಅಂಟಿಸಿದನಂತೆ, ಏಳೋ — ಆಮೇಲೆ ಡ್ರಮ್ಮಿನ ಎರಡು ಪೆಟ್ಟು, ಬರೀ ಪೆಟ್ಟು, ಆ ಖಾಲಿ ಜಾಗವೇ ಹಾಡನ್ನು ಎತ್ತಿ ಊರೂರಿಗೆ ಎಸೆಯಿತು ನೋಡು, ಯಾರಿಗೆ ಗೊತ್ತಿತ್ತು, ಹುಡುಗರು ಅಲ್ಲಿ ತಮ್ಮ ತಮ್ಮ ಗೆಳೆಯರ ಹೆಸರು ಕೂಗಲಿಕ್ಕೆ ಶುರು ಮಾಡಿದರು, ಏಳೋ ಶಿವಾ, ಏಳೋ ಬೀರಪ್ಪಾ, ಧಾರವಾಡದ ಹಾಸ್ಟೆಲಿನಲ್ಲಿ, ಪುಣೆಯಲ್ಲಿ, ಎಂಬತ್ತೊಂದಕ್ಕೆ ಮೂರನೇ ಅಚ್ಚು, ಆಮೇಲೆ ಕ್ಯಾಸೆಟ್ಟು, ದುಬೈಯಿಂದ ರಜೆಗೆ ಬಂದ ಭಟ್ಕಳದವರ ಎರಡು ಸ್ಪೀಕರಿನ ದೊಡ್ಡ ಟೇಪುಗಳಲ್ಲಿ ಅದೇ, ಕನ್ನಡ ಬಾರದವರ ಬಾಯಲ್ಲೂ ಅದೇ, ಕುಮಟೆಯ ಚಾದಂಗಡಿಯಲ್ಲಿ ಅವಳು ಬೆಳಚಿನ ಹೆಡಿಗೆ ಇಳಿಸಿ ನಿಂತು ತನ್ನ ದನಿಯನ್ನೇ ಕೇಳಿದ್ದಾಳೆ, ಯಾರೂ ಗುರುತಿಸಲಿಲ್ಲ, ಮೈಯೆಲ್ಲ ಜುಮ್ಮೆಂದಿತು, ಮನೆಗೆ ಓಡಿ ಹೋಗಿ ಗಂಡನಿಗೆ ಹೇಳಿದಳು, ಊರೆಲ್ಲ ನಂದೇ ಹಾಡು, ಅವನು ಬಲೆಯ ಕಣ್ಣು ಹೆಣೆಯುತ್ತಿದ್ದ, ಸೂಜಿ ನಿಂತಿತು. ನನ್ನ ಹೆಸರು ಎಲ್ಲಿ ಹೋತು ಅದ್ರಾಗೆ. ನಾನೇ ತೆಗ್ಸಿದೆ, ನಿಮಗೆ ಆ ದಿನ ಹಂಗಾತಲ್ಲ, ಅದಕ್ಕೆ. ಅವನು ಬಲೆಯನ್ನೇ ನೋಡುತ್ತ ಅಂದ, ಇಡೀ ಜನ್ಮದಾಗೆ ನೀನು ನನ್ನ ಹೆಸರು ಹೇಳಿದ್ದು ಒಂದೇ ಸಲ, ಅದನ್ನೂ ಕತ್ತರ್ಸಿದೆ. ಸಿಟ್ಟಿನಲ್ಲಿ ಹೇಳಲಿಲ್ಲ, ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು, ಎರಡು ವರ್ಷವಾಯಿತು, ಊಟ ಬಡಿಸುವಾಗ, ದೋಣಿ ತಳ್ಳುವಾಗ, ಆ ಮಾತು ನಡುವೆ ಬಂದು ಕೂರುತ್ತದೆ.

ಶಿರಾಲಿ ದಾಟಿತು, ಭಟ್ಕಳ, ಇಳಿಯಬೇಕು, ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ, ಬಯಲ ತುಂಬ ಜನ, ಲುಂಗಿ, ಬೆಲ್ ಬಾಟಮ್ಮು, ಬಿಳಿ ಟೋಪಿ, ಮುಟ್ಟಳ್ಳಿಯ ಗದ್ದೆ ಕೆಲಸ ಬಿಟ್ಟು ಬಂದ ಹೆಂಗಸರು, ಮೀನುಬುಟ್ಟಿಯವರು, ದೋಣಿಯ ಅಂಚಿನ ಮೇಲೆ ಸಾಲು ಹಿಡಿದು ಕೂತವರು, ಬಿಸಿಲು ಇನ್ನೂ ಹಳದಿ, ದಾಸನ ಕೂದಲು ಈಗ ಗಿಡ್ಡ, ಗಣಪಕ್ಕ, ಹೆಸರಿನ ಜಾಗ ಬಂದಾಗ ನೀ ಸುಮ್ನೆ ನಿಂತ್ಕ, ಜನರೇ ತುಂಬ್ತ್ರು, ಅತ್ತೆ ಮುಂದಿನ ಬೆಂಚಿನಲ್ಲಿ ಕವಳದ ಚೀಲ ಮಡಿಲಲ್ಲಿಟ್ಟು ಕಣ್ಣು ಮಿಟುಕಿಸದೆ. ಡ್ರಮ್ಮು ಹಲಗೆಯಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಹಲ್ಲಿಗೆ, ಗಿಟಾರು ಗಾಳಿ ಸೀಳುತ್ತದೆ, ಇಳಿತಾ ಇಳಿತಾ ಇಳಿತಾ ಬಂತೋ — ಎಷ್ಟು ಚಂದ ಹೋಗುತ್ತದೆ ದನಿ, ಇಲ್ಲಿ ಗೋಡೆಯಿಲ್ಲ, ಏಳೋ — ನಾಲ್ಕು ಸಾವಿರ ಹೆಸರು ಒಮ್ಮೆಗೇ ಸಿಡಿದವು, ವೆಂಕಟ ಚೌಡ ಇಬ್ರಾಹಿಂ ದುರ್ಗಪ್ಪ, ಯಾವುದೂ ಕೇಳುವುದಿಲ್ಲ, ಎಲ್ಲವೂ ಕೇಳುತ್ತದೆ, ಎರಡನೇ ಸಲ, ಇನ್ನೂ ಜೋರು, ಎಲ್ಲರಿಗೂ ಒಂದೊಂದು ಹೆಸರಿದೆ, ಎಲ್ಲರೂ ಕೂಗುತ್ತಿದ್ದಾರೆ, ಕೂಗಿಸಿಕೊಳ್ಳಬೇಕಾದವನದು ಮಾತ್ರ ಇಲ್ಲ, ಆಯುಷ್ಯ ಸವೆಯುವುದು ಹೆಸರು ಹೇಳಿ ಅಲ್ಲ ಅತ್ತೆ, ಹೇಳದೆ, ಹೇಳದೆ ಸವೆಯುತ್ತದೆ, ಎರಡು ವರ್ಷದಿಂದ ನೋಡಿದ್ದೇನೆ, ಮೂರನೇ ಸಲ ಬಂತು, ಇಳಿತಾ ಬಂತೋ, ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು, ಡ್ರಮ್ಮಿಗಿಂತ ಅರೆಗಳಿಗೆ ಮೊದಲು, ಜನ ಬಾಯಿ ತೆರೆಯುವ ಮೊದಲು, ಏಳೋ ಮಾಸ್ತೀ, ಈಕಾರ ಸ್ಪೀಕರುಗಳಿಂದ ಹೊರಟು ದೋಣಿಗಳ ಮೇಲೆ ಹೋಗಿ ನೀರಿನ ಮೇಲೆ ಹೋಯಿತು, ಕೂಗಲಿಕ್ಕೆ ಬಾಯಿ ತೆರೆದವರು ತೆರೆದೇ ಉಳಿದರು, ದಾಸನ ಕೈ ತಂತಿಯ ಮೇಲೆ ನಿಂತಿತು, ಅತ್ತೆ ಗದರಲಿಲ್ಲ, ಎರಡೂ ಕೈಯ ಬೆರಳು ತಲೆಗೊತ್ತಿ ನೆಟಿಗೆ ಮುರಿದು ಮಗನ ಹೆಸರಿಗೆ ದೃಷ್ಟಿ ತೆಗೆದಳು, ತಟ್ಟನೆ ಬೆಂಚಿನ ಮೇಲೆ ಹಿಂದಕ್ಕೆ ತಿರುಗಿದಳು, ಯಾರನ್ನೋ ಕಂಡವಳ ಹಾಗೆ, ಗಣಪಿಯೂ ಆ ಕಡೆ ನೋಡಿದಳು, ಜನರ ಹಿಂದೆ, ಕೊನೆಯ ದೋಣಿಯ ಮೂತಿಯ ಮೇಲೆ ಹತ್ತಿ ನಿಂತಿದ್ದಾನೆ ಗಂಡ, ಯಾವಾಗ ಬಂದ, ಯಾವ ಬಸ್ಸಿಗೆ ಬಂದ, ಮದುವೆ ಮನೆಗೆ ಹಾಕುವ ಅಂಗಿ ಹಾಕಿಕೊಂಡು ಬಂದಿದ್ದಾನೆ, ಡ್ರಮ್ಮು ಮತ್ತೆ ಬಿತ್ತು, ಜನ ಮತ್ತೆ ಸಿಡಿದರು, ಈ ಸಲ ಒಂದೇ ಹೆಸರು, ನಾಲ್ಕು ಸಾವಿರ ಬಾಯಲ್ಲೂ ಅದೊಂದೇ, ಅದರ ಅಡಿಯಲ್ಲಿ ಅವನ ದನಿ ಅವಳಿಗೆ ಕೇಳುವುದಿಲ್ಲ, ಕಾಣುತ್ತದೆ ಮಾತ್ರ, ಅವನು ಓ ಅನ್ನುತ್ತಿದ್ದಾನೆ, ಕರೆದವಳಿಗೆ ಓ ಅನ್ನುತ್ತಿದ್ದಾನೆ, ಕವಳದಲ್ಲಿ ಕೆಂಪಾದ ಬಾಯಿ, ಗುಂಡಗೆ, ಪೂರಾ ತೆರೆದು, ಅವಳು ಮುಂದಿನ ಸಾಲು ಹಾಡಬೇಕು, ಹಾಡುತ್ತಿದ್ದಾಳೆ ಇರಬೇಕು, ದಾಸ ನಗುತ್ತಿದ್ದಾನೆ ಇರಬೇಕು, ಕಣ್ಣು ಅಲ್ಲಿಂದ ಬರುವುದಿಲ್ಲ, ಆ ಕೆಂಪು ಬಾಯಿ, ಗುಂಡಗೆ, ಮುಚ್ಚದೆ — ಆ ಬಾಯಿ —