ಬೇರೆ ಒಲೆ

ಯೂಲಾ ನಾಲ್ಕನೆಯ ಪಾತ್ರೆಯನ್ನೂ ಫ್ರಿಜ್ಜಿನೊಳಗೆ ತಳ್ಳಿ, ಬಾಗಿಲು ಹಿಡಿದುಕೊಂಡೇ ನಿಂತಳು. ಒಳಗೆ ಇನ್ನೂ ಜಾಗವಿತ್ತು.

"ರಾಸ್ಕೋ, ಬಾ ಇಲ್ಲಿ. ನೋಡು ಇದನ್ನ."

ರಾಸ್ಕೋ ಟೈ ಬಿಗಿಯಲು ಬಾರದೆ ಒದ್ದಾಡುತ್ತ ಬಂದ. ಅವನ ಅಕ್ಕ ವರ್ಲೀನಳ ಶವ ಆಗಲೇ ಚರ್ಚಿಗೆ ಹೋಗಿತ್ತು. ಇನ್ನೊಂದು ಗಂಟೆಯಲ್ಲಿ ಇವರೂ ಅಲ್ಲಿರಬೇಕು. ಸಾವಿನ ಮನೆಗೆ ಊಟ ಹೊತ್ತು ತಂದವರು ಮೊದಲು ಮಾಡುವ ಕೆಲಸವೆಂದರೆ ಸತ್ತವರ ಫ್ರಿಜ್ಜಿನಲ್ಲಿ ಜಾಗ ಮಾಡುವುದು. ಹಳಸಿದ ಸೂಪು, ಅರ್ಧ ಉಳಿದ ಹಾಲು, ಯಾರೂ ಮುಟ್ಟದ ಉಪ್ಪಿನಕಾಯಿ, ಎಲ್ಲ ತೆಗೆದು ಚೆಲ್ಲಬೇಕು. ಇವತ್ತು ಚೆಲ್ಲಲು ಏನೂ ಇರಲಿಲ್ಲ. ವರ್ಲೀನಳ ಫ್ರಿಜ್ಜಿನಲ್ಲಿದ್ದದ್ದು ಒಂದು ಸಾಸಿವೆ ಬಾಟಲಿ, ಒಂದು ಜಗ್ಗು ನೀರು, ಬಾಗಿಲ ಗೂಡಿನಲ್ಲಿ ಇನ್ಸುಲಿನ್ನಿನ ಪುಟ್ಟ ಸೀಸೆ.

"ಊರಿಗೆ ಹೋಗೋಕೆ ಅಂತ ಖಾಲಿ ಮಾಡಿದ್ಲೇನೋ," ಎಂದ ರಾಸ್ಕೋ. ಅಂದ ಕೂಡಲೇ ಅವನಿಗೇ ನಾಚಿಕೆಯಾಯಿತು. ಅರವತ್ತೊಂದು ವರ್ಷದಲ್ಲಿ ವರ್ಲೀನ್ ಮಿಸಿಸಿಪ್ಪಿ ರಾಜ್ಯ ದಾಟಿದವಳಲ್ಲ.

"ಹೂಂ, ಹೋದ್ಲಲ್ಲ ಊರಿಗೆ," ಎಂದಳು ಯೂಲಾ. ಪಕ್ಕದ ಮನೆಯವಳು, ಮೀನಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ವರ್ಲೀನಳ ಪಕ್ಕದಲ್ಲೇ ನಿಂತು ಮೀನು ಕೊಯ್ದವಳು. ನಾಲಿಗೆಯೂ ಆ ಚೂರಿಯಷ್ಟೇ ಹರಿತ. "ಬೆಳಗ್ಗೆ ಸೂಜಿ ಚುಚ್ಕೊಂಡಿದಾಳೆ, ಮೇಲೆ ಏನೂ ತಿಂದಿಲ್ಲ. ಸಕ್ಕರೆ ಇಳಿದುಬಿಡ್ತು. ಇದೇ ನೆಲದ ಮೇಲೆ ಸಿಕ್ಕಿದ್ಲು ನಂಗೆ. ಡಾಕ್ಟರು ಅಂತಾರೆ, ತಿನ್ನೋದು ಮರೆತಿದ್ಲೇನೋ ಅಂತ. ಮರೆವಂತೆ!"

ರಾಸ್ಕೋ ಟೈಯ ಗಂಟು ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಸರಕಾರದ ಊಟದ ಕಾರ್ಡು, ಆ ಫುಡ್ ಸ್ಟ್ಯಾಂಪು, ನಿಂತ್ಮೇಲೆ ಮತ್ತೆ ಬಂದೇ ಇರ್ಲಿಲ್ಲ. ಗೊತ್ತಿತ್ತಾ ನಿಂಗೆ?"

"ಬಂತು ಅಂದಿದ್ಲು."

"ಯಾವಾಗ ಅಂದ್ಲು?"

"ಈಸ್ಟರ್ ದಿನ. ಊಟಕ್ಕೆ ಬಂದಿದ್ನಲ್ಲ, ಆವಾಗ."

ಯೂಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಸ್ಟರ್ ಹೊತ್ತಿಗೆ ಎರಡನೇ ಅರ್ಜೀನೂ ವಾಪಸ್ ಬಂದಿತ್ತು ಕಣೋ. ಎರಡು ಸಲಾನೂ ಕೌಂಟಿ ಕಚೇರಿಗೆ ನನ್ ಕಾರಲ್ಲೇ ಕರ್ಕೊಂಡು ಹೋಗಿದ್ದೆ." ಫ್ರಿಜ್ಜಿನ ಬಾಗಿಲು ಮುಚ್ಚಿ, ಅಯಸ್ಕಾಂತದ ಕೆಳಗೆ ಸಿಕ್ಕಿಸಿದ್ದ ಕಾಗದವನ್ನು ಬೆರಳಿನಿಂದ ಕುಟ್ಟಿದಳು. "ಓದು. ನಿನ್ ಹೆಸರೇ ಇದೆ. ಮನೆಯಲ್ಲಿರುವ ಇನ್ನೊಬ್ಬ ವ್ಯಕ್ತಿಯ ಹೇಳಿಕೆ ಸಲ್ಲಿಸಿಲ್ಲ, ಅದಕ್ಕೇ ಇಲ್ಲ ಅಂತ."

ಹೊರಗೆ ಯಾರೋ ಹಾರ್ನ್ ಹೊಡೆದರು. ರಾಸ್ಕೋ ಟೈಯನ್ನು ಕಿತ್ತು ಜೇಬಿಗೆ ತುರುಕಿಕೊಂಡು ಹೊರಟ.

*

ಕಾರ್ಖಾನೆಯಲ್ಲಿ ರಾಸ್ಕೋಗೆ ಕೆಲಸ ಸಿಕ್ಕಾಗ ವಿಳಾಸ ಕೇಳಿದ್ದರು. ಅವನಿದ್ದದ್ದು ಗೆಳತಿ ಡೆನೀಸಳ ಜೊತೆ. ಅವಳದ್ದು ಸರಕಾರಿ ವಸತಿಯ ಮನೆ, ಅವಳಿಗೂ ಅವಳ ಎರಡು ಹೆಣ್ಣುಮಕ್ಕಳಿಗೂ ಎಂದು ಕೊಟ್ಟದ್ದು. ಅಲ್ಲೊಬ್ಬ ಗಂಡಸು ಠಿಕಾಣಿ ಹೂಡಿದ್ದಾನೆಂದು ಗೊತ್ತಾದರೆ ತಾಯಿ ಮಕ್ಕಳು ಮೂವರೂ ಬೀದಿಪಾಲು. ಅದಕ್ಕೇ ಅವನು ಅಕ್ಕನ ವಿಳಾಸ ಬರೆಸಿದ. ವರ್ಲೀನ್, "ಬರ್ಸೋ, ನನ್ ಗೋಡೆ ಏನು ಸವೀತದಾ," ಎಂದಿದ್ದಳು.

ಒಂದು ವರ್ಷ ಆ ಸುಳ್ಳಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಎಲ್ಲೋ ಒಂದು ಕಂಪ್ಯೂಟರು ಇವನ ಸಂಬಳವನ್ನೂ ಅವಳ ಮನೆಯನ್ನೂ ಒಟ್ಟಿಗೆ ಕಟ್ಟಿತು. ದುಡಿಯುವ ತಮ್ಮ ಮನೆಯಲ್ಲೇ ಇರುವಾಗ ಇವಳಿಗೇಕೆ ಸರಕಾರದ ಊಟ? ಜನವರಿಯಲ್ಲಿ ಕಾರ್ಡು ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಹಳೆಯ ಮಾತು. ಇಲ್ಲಿ ಪೂಜಾರಿಯ ಮುಖವಾದರೂ ಕಾಣುತ್ತಿರಲಿಲ್ಲ.

ಮರುವಾರ ವರ್ಲೀನ್ ನಡೆದುಕೊಂಡೇ ಡೆನೀಸಳ ಮನೆಯವರೆಗೆ ಬಂದು ಮೆಟ್ಟಿಲ ಕೆಳಗೆ ನಿಂತಳು. ಕೈಯಲ್ಲಿ ಒಂದು ಹಾಳೆ. ಮೀನು ಕೊಯ್ದು ಕೊಯ್ದು ಸೊಟ್ಟಗಾದ ಬೆರಳುಗಳಿಗೆ ಹಾಳೆಯನ್ನು ನೆಟ್ಟಗೆ ಹಿಡಿಯಲೂ ಬರುತ್ತಿರಲಿಲ್ಲ.

"ಮತ್ತೆ ಅರ್ಜಿ ಹಾಕ್ಬೇಕಂತೆ ಕಣೋ. ಇದಕ್ಕೆ ನಿನ್ ಸಹಿ ಬೇಕು."

"ಇಲ್ಯಾಕೆ ಬಂದ್ಯಕ್ಕಾ? ಎದುರಿಗೇ ವಸತಿ ಮ್ಯಾನೇಜರ್ ಆಫೀಸಿದೆ."

"ಎರಡೇ ಸಾಲು. ಓದಿ ನೋಡು."

"ನಾನೆಲ್ಲಿರ್ತೀನಿ ಅಂತ ಬರೆದ್ರೆ ಈ ಮಕ್ಕಳ ಗತಿ ಏನು? ಕೊಡಿಲ್ಲಿ, ಆಮೇಲೆ ಓದ್ತೀನಿ. ಹೋಗು, ಇಲ್ಲಿ ನಿಂತ್ಕೋಬೇಡ."

ಅವಳು ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗಿಯರನ್ನು ನೋಡಿ ಕೈಬೀಸಿದಳು. ಹಾಳೆ ಕೊಟ್ಟು ಹೋದಳು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಟ್ರಕ್ಕಿನ ಡ್ರಾಯರಿನೊಳಗೆ ಹಾಕಿದ. ಸರಕಾರದ ಕಾಗದವೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ: ಎಲ್ಲಿದ್ದೀಯ ಎಂದು ಕೇಳುತ್ತದೆ, ಹೇಳಿದರೆ ಬಂದು ಹಿಡಿಯುತ್ತದೆ.

ವರ್ಲೀನ್ ಆ ಹಾಳೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ.

*

ಚರ್ಚಿನಲ್ಲಿ ಪಾದ್ರಿ ವರ್ಲೀನಳ ಕೈಗುಣವನ್ನು ಹೊಗಳಿದರು. ಈ ಊರಲ್ಲಿ ಯಾರೇ ಸಾಯಲಿ, ಹೂವಿಗಿಂತ ಮೊದಲು ಆ ಮನೆ ಮುಟ್ಟುತ್ತಿದ್ದದ್ದು ಅವಳ ಬೆಣ್ಣೆ ಕೇಕು ಎಂದರು. ಜನ "ಹೌದು, ಹೌದು" ಎಂದು ತಲೆದೂಗಿದರು.

ರಾಸ್ಕೋನ ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಪಿಸುಗುಟ್ಟುತ್ತಿದ್ದರು.

"ಮಾರ್ಚಲ್ಲಿ ನನ್ ಗಂಡ ಹೋದಾಗ ಬರಿಗೈಲಿ ಬಂದಿದ್ಲು ಕಣೆ. ಬಾಗಿಲಲ್ಲೇ ನಿಂತು ಹೋಗ್ಬಿಟ್ಲು."

"ನಮ್ಮನೆಗೂ ಹಂಗೇ."

"ನಂಗೆ ಎಂಥಾ ಕೋಪ ಬಂದಿತ್ತು ಗೊತ್ತಾ? ಇವಳಿಗೇನು ಇಷ್ಟು ಜಂಬ ಅಂತ, ಆಮೇಲೆ ಮಾತೇ ಬಿಟ್ಟಿದ್ದೆ."

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅಳು ಕೇಳಿಸಿತು. ರಾಸ್ಕೋಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದ ಅಕ್ಕನ ತಲೆಗೂದಲನ್ನು ಯಾರೋ ಚೆನ್ನಾಗಿ ಬಾಚಿದ್ದರು. ಕೆನ್ನೆ ಮಾತ್ರ ಇಳಿದುಹೋಗಿತ್ತು. ಅದು ಇವತ್ತು ಇಳಿದದ್ದಲ್ಲ. ಮೂರು ತಿಂಗಳಿಂದ, ಪ್ರತಿ ಭಾನುವಾರ, ಅವನ ಕಣ್ಣೆದುರಿಗೇ ಇಳಿದದ್ದು.

*

ಭಾನುವಾರ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ತಾಯಿ ಸತ್ತಾಗಿನಿಂದ ನಡೆದುಬಂದ ಪದ್ಧತಿ. ಅವನು ಬಂದು ಕೂರುವ ಹೊತ್ತಿಗೆ ತಟ್ಟೆ ಸಿದ್ಧವಿರುತ್ತಿತ್ತು: ಹುರಿದ ಕೋಳಿ ಕಾಲು, ಸೊಪ್ಪು, ಮೆಕ್ಕೆಜೋಳದ ರೊಟ್ಟಿ. ಜನವರಿಯ ನಂತರವೂ ಇರುತ್ತಿತ್ತು. ಒಂದೇ ತಟ್ಟೆ.

"ನೀನೂ ಕೂತ್ಕೋ ಅಕ್ಕಾ."

"ನಾನಾಗಲೇ ತಿಂದೆ."

ಅವಳು ಎದುರಿನ ಹಳದಿ ಕುರ್ಚಿಯಲ್ಲಿ ಕೂತು, ಅವನು ತಿನ್ನುವುದನ್ನೇ ನೋಡುತ್ತಿದ್ದಳು. ಕೋಳಿ ಚೆನ್ನಾಗಿದೆಯಾ, ಉಪ್ಪು ಸರಿಯಿದೆಯಾ ಎಂದು ಕೇಳುತ್ತಿದ್ದಳು. ಈಸ್ಟರ್ ದಿನ ಅವನು ಬಾಯಿ ಒರೆಸಿಕೊಳ್ಳುತ್ತ, "ಕಾರ್ಡು ಬಂತಾ?" ಎಂದ.

"ಬಂತು ಬಂತು. ನೀನು ತಿನ್ನು."

"ಆ ಹಾಳೆ?"

"ಬೇಡ್ವಂತೆ ಬಿಡು."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಅವನಿಗೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಎದ್ದು ಫ್ರಿಜ್ಜಿನ ಬಾಗಿಲು ತೆಗೆದಿದ್ದರೂ ಸಾಕಿತ್ತು. ಅವನು ಇನ್ನೊಂದು ರೊಟ್ಟಿ ಕೇಳಿದ. ಅವಳು ಕೊಟ್ಟಳು.

*

ಮಣ್ಣು ಮಾಡಿ ಬಂದಾಗ ವರ್ಲೀನಳ ಅಂಗಳದ ತುಂಬ ಕಾರು. ಒಳಗೆ ತಟ್ಟೆಗಳ ಸದ್ದು, ನಗುವೂ ಶುರುವಾಗಿತ್ತು. ರಾಸ್ಕೋ ಟ್ರಕ್ಕಿನಿಂದ ಇಳಿಯಲಿಲ್ಲ. ಡ್ರಾಯರಿಗೆ ಕೈ ಹಾಕಿ ಹುಡುಕಿದ. ಹಾಳೆ ಅಲ್ಲೇ ಇತ್ತು, ಮಡಿಕೆ ಬಿಚ್ಚದೆ.

"ಏನದು?" ಪಕ್ಕದಲ್ಲಿದ್ದ ಡೆನೀಸ್ ಕೇಳಿದಳು.

ಅವನು ಓದಿದ. ಇದ್ದದ್ದು ಎರಡೇ ಸಾಲು. 'ನನ್ನ ಊಟದ ಸಾಮಾನನ್ನು ನಾನೇ ಕೊಂಡು, ನನ್ನ ಅಡುಗೆಯನ್ನು ನಾನೇ ಬೇರೆ ಮಾಡಿಕೊಳ್ಳುತ್ತೇನೆ. ವರ್ಲೀನ್ ಟಿಬ್ಸ್ ಅವರ ಊಟದಲ್ಲಿ ನನಗೆ ಪಾಲಿಲ್ಲ.' ಕೆಳಗೆ ಸಹಿಗೊಂದು ಗೆರೆ, ತಾರೀಕಿಗೊಂದು ಗೆರೆ. ಹಾಳೆ ತಿರುಗಿಸಿದ. ಹಿಂದೆ ಖಾಲಿ. ಒಲೆ ಬೇರೆ ಎಂದರೆ ಸಾಕಿತ್ತು. ಎಲ್ಲಿ ಮಲಗುತ್ತೀಯ, ಯಾರ ಜೊತೆ ಇರುತ್ತೀಯ ಎಂದು ಯಾರೂ ಕೇಳಿರಲಿಲ್ಲ.

ಡೆನೀಸ್ ಅವನ ಕೈಯಿಂದ ಕಸಿದುಕೊಂಡು ಓದಿದಳು.

"ಇಷ್ಟೇನಾ?"

"ಇಷ್ಟೇ."

"ಇದರಲ್ಲಿ ನಾನೆಲ್ಲಿದೀನಿ? ನನ್ ಮಕ್ಕಳೆಲ್ಲಿದಾರೆ?"

"ನಾನು ಓದಿರ್ಲಿಲ್ಲ, ಡೆನೀಸ್."

"ನಮ್ಮ ಹೆಸರು ಹೇಳ್ಕೊಂಡು ಅವಳಿಗೆ ಇಲ್ಲ ಅಂದ್ಯಾ?" ಅವಳ ದನಿ ಏರಲೇ ಇಲ್ಲ, ಏರಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಹಾಳೆಯನ್ನು ಅವನ ತೊಡೆಯ ಮೇಲಿಟ್ಟು, ಇಳಿದು, ಮನೆಯೊಳಗೂ ಹೋಗದೆ ರಸ್ತೆ ಹಿಡಿದು ನಡೆದಳು.

ಟ್ರಕ್ಕಿನಲ್ಲಿ ಪೆನ್ನಿತ್ತು. ಅವನು ಹಾಳೆಯನ್ನು ಸ್ಟೀರಿಂಗಿನ ಮೇಲಿಟ್ಟು ಸಹಿ ಹಾಕಿದ. ತಾರೀಕಿನ ಗೆರೆಯ ಹತ್ತಿರ ಕೈ ನಿಂತಿತು. ತಾರೀಕು ಬರೆಯದೆಯೇ ಹಾಳೆ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದ.

ಅಡುಗೆಮನೆಯಲ್ಲಿ ಯೂಲಾ ತಟ್ಟೆ ತುಂಬಿಸಿ ಇಟ್ಟಿದ್ದಳು. ಕೋಳಿ ಕಾಲು, ಸೊಪ್ಪು, ಮೆಕ್ಕೆಜೋಳದ ರೊಟ್ಟಿ, ಯಾರೋ ತಂದ ಕೇಕಿನ ಒಂದು ತುಂಡು.

"ತಗೋ. ಬೆಳಗ್ಗೆ ನಾನಾಡಿದ್ದೆಲ್ಲ ಹೊಟ್ಟೆಗೆ ಹಾಕ್ಕೋ. ಕೂತು ತಿನ್ನು."

ಅವನು ತಟ್ಟೆಯನ್ನು ನೋಡಿದ. ಮೇಜಿನ ಆಚೆ ಹಳದಿ ಕುರ್ಚಿ ಖಾಲಿಯಿತ್ತು.

"ನಾನಾಗಲೇ ತಿಂದೆ, ಯೂಲಕ್ಕ."

ಯೂಲಾ ಮುಂದೆ ಚಾಚಿದ್ದ ಕೈ ಹಾಗೇ ನಿಂತಿತು. ಅವಳೂ ಎಷ್ಟೋ ಸಲ, ಬೇಲಿಯ ಆಚೆಯಿಂದ, ಊಟಕ್ಕೆ ಕರೆದು ಈ ಉತ್ತರವನ್ನು ಕೇಳಿಸಿಕೊಂಡವಳೇ. ತಟ್ಟೆಗೆ ಬಟ್ಟೆ ಮುಚ್ಚಿ ಫ್ರಿಜ್ಜು ತೆಗೆದಳು. ಊರೆಲ್ಲ ತಂದ ಪಾತ್ರೆಗಳು ಒಂದರ ಮೇಲೊಂದು ಕೂತಿದ್ದವು. ಸಾಸಿವೆ ಬಾಟಲಿ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ತಟ್ಟೆಯನ್ನು ಓರೆ ಮಾಡಿ ಒಳಗೆ ತುರುಕಿದಳು. ಬಾಗಿಲು ಮುಚ್ಚಿದಳು, ತೆರೆದುಕೊಂಡಿತು. ಸೊಂಟದಿಂದ ಒತ್ತಿದಳು, ಮತ್ತೆ ತೆರೆದುಕೊಂಡಿತು. ಕೊನೆಗೆ ವರ್ಲೀನಳ ಹಳದಿ ಕುರ್ಚಿಯನ್ನು ಎಳೆದು ತಂದು ಬಾಗಿಲಿಗೆ ಒತ್ತುಕೊಟ್ಟು ನಿಲ್ಲಿಸಿದಳು.